ಸಮ್ಮೇಳನಕ್ಕೆ ಹೋದ ನಾಲ್ವರು ಟೀಚರು, ಜೊತೆಗೆ ನಾನು!

"ಅತ್ತಿಗೆ, ನೀವೂ ಬರ್ರಿ. ನಾವು ನಾಲ್ಕೂ ಜನ ಬರೀ ಮಾತಾಡೋರು. ಬುತ್ತಿ ಕಟ್ಟೋರು ಒಬ್ಬರೂ ಇಲ್ಲ!"

ನನ್ನ ನಾದಿನಿ ಹೀಗಂದಾಗ ನಾನು ಒಲೆ ಮುಂದೆ ಕೂತು ಶೇಂಗಾ ಹುರೀತಾ ಇದ್ದೆ. ಎಲ್ಲಿಗೆ ಅಂತೀರಾ? ಹಾವೇರಿಗೆ, ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ. 2023ರ ಜನವರಿ 6, 7, 8ರಂದು ನಡೆದ 86ನೇ ಸಮ್ಮೇಳನ ಅದು. ಕವಿ ದೊಡ್ಡರಂಗೇಗೌಡರು ಅಧ್ಯಕ್ಷರು. ನಮ್ಮ ಹೊನ್ನಾಳಿಗೆ ಹಾವೇರಿ ಏನು ದೂರ? ಆದರೂ ಸಮ್ಮೇಳನ ಅಂದ್ರೆ ಓದಿದವರ ಜಾತ್ರೆ, ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ ನನಗೇನು ಕೆಲಸ ಅಲ್ಲಿ ಅನ್ನೋದು ನನ್ನ ಅಂಜಿಕೆ.

"ಬುತ್ತಿ ಕಟ್ಟಿಕೊಡ್ತೀನಿ, ನೀವು ಹೋಗಿ ಬರ್ರಿ" ಅಂದೆ.

"ಬುತ್ತಿ ಕಟ್ಟಿದ ಕೈನೂ ಬರಲಿ" ಅಂದಳು. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆಯೇ "ಹೋಗಿ ಬಾ, ಎರಡು ದಿನ ನಾವು ಮಂಡಕ್ಕಿ ತಿಂದು ಬದುಕ್ತೀವಿ" ಅಂದರು. ಅನುಮತಿ ಸಿಕ್ಕಿತೋ, ಗೇಲಿ ಮಾಡಿದರೋ ಇವತ್ತಿಗೂ ತಿಳಿದಿಲ್ಲ. ನಾನು ಅನುಮತಿ ಅಂತಲೇ ತಿಳಿದು ಸೀರೆ ಮಡಚಿದೆ.

ಮುಖ ನೋಡದ ಗೆಳತಿಯರು

ನಾದಿನಿ ನಮ್ಮ ಹೊನ್ನಾಳಿ ಹತ್ತಿರದ ಹಳ್ಳಿಯಲ್ಲಿ ಪ್ರೈಮರಿ ಶಾಲೆ ಟೀಚರು. ಉಳಿದ ಮೂವರು ಚನ್ನಗಿರಿ, ನ್ಯಾಮತಿ, ಜಗಳೂರು ಕಡೆಯವರು. ನಾಲ್ಕೂ ದಾವಣಗೆರೆ ಜಿಲ್ಲೆಯ ಊರುಗಳೇ. 1997ರಲ್ಲಿ ಜಿಲ್ಲೆ ಆಗೋ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ನ್ಯಾಮತಿ ನಮ್ಮ ಹೊನ್ನಾಳಿ ತಾಲ್ಲೂಕಿನಲ್ಲೇ ಇದ್ದು, ಮೊನ್ನೆ ಮೊನ್ನೆ ಬೇರೆ ತಾಲ್ಲೂಕಾಯಿತು. ಒಟ್ಟಿನಲ್ಲಿ ಒಂದೇ ಮನೆ ಸೊಸೆಯರು, ತವರು ಬೇರೆ ಬೇರೆ ಅನ್ನಿ.

ಇವರಿಗೆ ಗೆಳೆತನ ಆಗಿದ್ದು ಕೊರೊನಾ ಕಾಲದಲ್ಲಿ. ಶಾಲೆ ಬಾಗಿಲು ಹಾಕಿದ್ದವಲ್ಲ, 2020ರ ಆಗಸ್ಟಿನಲ್ಲಿ ಸರ್ಕಾರ 'ವಿದ್ಯಾಗಮ' ಶುರು ಮಾಡಿತು. ಮಕ್ಕಳು ಶಾಲೆಗೆ ಬರದಿದ್ದರೆ ಟೀಚರೇ ಮಕ್ಕಳಿದ್ದಲ್ಲಿಗೆ ಹೋಗಬೇಕು. ದೇವಸ್ಥಾನದ ಜಗಲಿ, ಅರಳಿಕಟ್ಟೆ, ಯಾರದೋ ಮನೆ ಪಡಸಾಲೆ ಎಲ್ಲಾ ಶಾಲೆಯಾದವು. ಆಗ ಫೋನಿನಲ್ಲಿ ಒಬ್ಬರಿಗೊಬ್ಬರು ಪರಿಚಯವಾದ ಈ ನಾಲ್ವರು ಒಂದು ರೂಢಿ ಹಾಕಿಕೊಂಡರು. ಶನಿವಾರ ಬೆಳಗಿನ ಶಾಲೆ ಮುಗಿಸಿ ಮನೆಗೆ ಬಂದ ಮೇಲೆ, ಆ ವಾರ ತರಗತಿಯಲ್ಲಿ ಆದದ್ದನ್ನು ಒಂದು ಪುಟ ಬರೆದು ಉಳಿದ ಮೂವರಿಗೆ ಕಳಿಸೋದು. ಯಾವ ಪಾಠ ಹತ್ತಲಿಲ್ಲ, ಯಾವ ಮಗು ಏನಂದಿತು, ಯಾವ ಆಟ ಕೆಲಸಕ್ಕೆ ಬಂತು, ಇಷ್ಟೇ. ಎರಡೂವರೆ ವರ್ಷ ಹೀಗೆ ಬರೆದರೂ ನಾಲ್ವರೂ ಒಟ್ಟಿಗೆ ಕೂತು ಒಂದು ಲೋಟ ಚಹಾ ಕುಡಿದಿರಲಿಲ್ಲ!

ಹೆಸರಿಗಿಂತ ಊರೇ ರೂಢಿ. "ಚನ್ನಗಿರಿ ಹೀಗಂತು, ನ್ಯಾಮತಿಗೆ ನೆಗಡಿ" ಅಂತ ನಾದಿನಿ ಹೇಳ್ತಿದ್ದರೆ ನಮ್ಮ ಅತ್ತೆಯವರು "ಊರಿಗೆಲ್ಲಾ ನೆಗಡಿಯಾ?" ಅಂತ ಗಾಬರಿ ಆಗ್ತಿದ್ದರು.

ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ

ಸಮ್ಮೇಳನಕ್ಕೆ ಪ್ರತಿನಿಧಿಗಳಾಗಿ ಹೆಸರು ಬರೆಸಿದ ಸರ್ಕಾರಿ ನೌಕರರಿಗೆ ಅನ್ಯಕಾರ್ಯ ನಿಮಿತ್ತ ರಜೆ ಸಿಗುತ್ತದೆ. ಆದರೆ ಜಗಳೂರಿನವರದು ಒಬ್ಬರೇ ಟೀಚರಿರೋ ಶಾಲೆ. ಅವರು ರಜೆ ಹಾಕಿದರೆ ಶಾಲೆಗೇ ಬೀಗ. ಹಾಗಾಗಿ ನಾಲ್ವರೂ ಶನಿವಾರ ಬೆಳಗಿನ ಶಾಲೆ ಮುಗಿಸಿಯೇ ಹೊರಡೋದು, ರಾತ್ರಿ ರಾಣೆಬೆನ್ನೂರಿನ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಉಳಿಯೋದು, ಭಾನುವಾರ ಇಡೀ ದಿನ ಹಾವೇರಿ ಅಂತ ತೀರ್ಮಾನವಾಯಿತು.

ಚನ್ನಗಿರಿ, ನ್ಯಾಮತಿ ಇಬ್ಬರೂ ಮಧ್ಯಾಹ್ನ ಮೂರಕ್ಕೆ ನಮ್ಮ ಮನೆಗೆ ಬಂದರು. ಚನ್ನಗಿರಿಯವರು ಐವತ್ತು ದಾಟಿದ ದೊಡ್ಡ ಕುಂಕುಮದ ಗಟ್ಟಿ ಹೆಂಗಸು. ನ್ಯಾಮತಿಯವರು ಮೂವತ್ತರ ಸಣಕಲು ಹುಡುಗಿ. ಪುಟ ಓದಿ ನಾವು ಕಲ್ಪಿಸಿಕೊಂಡಿದ್ದು ಪೂರಾ ಉಲ್ಟಾ! "ಅಷ್ಟು ಗದರಿ ಬರೆಯೋರು ನೀವಾ?" ಅಂತ ನಾದಿನಿ ಆ ಹುಡುಗಿಯನ್ನು ಕೇಳಿಯೇಬಿಟ್ಟಳು.

ಜಗಳೂರಿನವರು ದಾವಣಗೆರೆ ಮೇಲೆ ಹರಿಹರಕ್ಕೆ ಬಂದು ಕಾಯೋದು ಅಂತಾಗಿತ್ತು. ಆದರೆ ಅವರ ಮುಖ ಕಂಡೋರು ಯಾರು? ಫೋನಿನಲ್ಲಿ ಅವರ ಫೋಟೋ ಇರೋ ಜಾಗದಲ್ಲಿ ದಾಸವಾಳದ ಹೂವು. ಬಸ್‌ಸ್ಟ್ಯಾಂಡಿನಲ್ಲಿ ಕೈಚೀಲ ಹಿಡಿದು ನಿಂತ ಹೆಂಗಸೊಬ್ಬರ ಹತ್ತಿರ ಹೋಗಿ ಚನ್ನಗಿರಿಯವರು ನಗುನಗುತ್ತಾ "ನೀವು ಜಗಳೂರಾ?" ಅಂದರು. ಆಕೆ ಹುಬ್ಬು ಗಂಟು ಹಾಕಿ, "ನಾನ್ಯಾಕ್ರೀ ಜಗಳ ಆಡ್ಲಿ? ಬಸ್ಸಿಗೆ ನಿಂತೀನಿ" ಅನ್ನೋದೇ!

ನಮ್ಮ ನಗು ಕೇಳಿಯೇ ನಿಜವಾದ ಜಗಳೂರು ಕಂಬದ ಮರೆಯಿಂದ ಬಂದರು. ತೆಳ್ಳಗೆ, ಮೆತ್ತಗೆ ಮಾತು, ನನ್ನ ವಯಸ್ಸಿನವರೇ. "ಜಗಳ ಆಡದಿರೋ ಜಗಳೂರಿನಾಕಿ ನಾನರೀ" ಅಂದರು. "ಹಂಗಾದ್ರೆ ಹೊನ್ನಾಳಿ ಹೊಡ್ತ ಇವರ ಕಡೆಯಿಂದ ಬಾಕಿ ಐತೆ" ಅಂತ ನ್ಯಾಮತಿ ಹುಡುಗಿ ನಮ್ಮಿಬ್ಬರನ್ನು ತೋರಿಸಿದಳು. ಬಸ್ಸು ಹತ್ತುವಷ್ಟರಲ್ಲಿ ಎರಡೂವರೆ ವರ್ಷ ಒಂದೇ ಬೀದಿಯಲ್ಲಿ ಬಾಳಿದವರ ಹಾಗೆ ಆಗಿದ್ದೆವು.

ನಾವು ಯಾವ ತಟ್ಟೆ?

ಚಿಕ್ಕಮ್ಮನ ಮನೆ ಪಡಸಾಲೆಯಲ್ಲಿ ಚಾಪೆ ಹಾಸಿ, ನಡುವೆ ನನ್ನ ಖಾರ ಮಂಡಕ್ಕಿ ಡಬ್ಬಿ ಇಟ್ಟುಕೊಂಡು ಕೂತೆವು ನೋಡಿ, ರಾತ್ರಿ ಎಷ್ಟಾಯಿತೋ ತಿಳಿಯಲಿಲ್ಲ.

ಚಿಕ್ಕಮ್ಮ ತಟ್ಟೆ ಹಾಕುವಾಗ ನ್ಯಾಮತಿ ಹುಡುಗಿ "ನಾನು ಐದನೇ ತಟ್ಟೆ, ಸ್ವಂತ ಬಡಿಸ್ಕೊಳ್ತೀನಿ" ಅಂದಳು. ಉಳಿದ ಮೂವರು ಬಿದ್ದು ಬಿದ್ದು ನಕ್ಕರು. ನನಗೆ, ಚಿಕ್ಕಮ್ಮನಿಗೆ ಅರ್ಥವಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ಒಂದರಿಂದ ಮೂರನೇ ತರಗತಿಗೆ 'ನಲಿ ಕಲಿ' ಪದ್ಧತಿ ಇದೆಯಲ್ಲ, ಅದರಲ್ಲಿ ಮಕ್ಕಳನ್ನು ಗುಂಪು ಗುಂಪಾಗಿ ಕೂರಿಸುತ್ತಾರೆ. ಒಂದೊಂದು ಗುಂಪಿಗೂ 'ತಟ್ಟೆ' ಅಂತ ಹೆಸರು. ಟೀಚರ ಪೂರ್ಣ ಸಹಾಯ ಬೇಕಾದವರು ಒಂದನೇ ತಟ್ಟೆ. ತಾವೇ ಕಲಿಯಬಲ್ಲ ಮಕ್ಕಳು ಐದನೇ ತಟ್ಟೆ. ಕಲಿಕೆಗೆ ಏಣಿ ಇರುತ್ತದೆ, ಮಗು ತನ್ನ ಕಾರ್ಡು ಮುಗಿಸಿ ಮೆಟ್ಟಿಲು ಹತ್ತುತ್ತದೆ. ಒಂದು ವಾರ ಶಾಲೆ ತಪ್ಪಿದರೂ ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಶುರು.

"ಇದನ್ನು ಮಾಡಿದೋರು ಯಾರು ಗೊತ್ತೇನ್ರೀ? ನಮ್ಮಂಥ ಟೀಚರೇ" ಅಂದರು ಚನ್ನಗಿರಿಯವರು. 1995ರಲ್ಲಿ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆಯ ಪ್ರೈಮರಿ ಶಾಲೆ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ನೋಡಿ ಬಂದು, ಒಟ್ಟಿಗೆ ಕೂತು ತಾವೇ ಕಾರ್ಡು, ಹಾಡು, ಆಟ ಕಟ್ಟಿದರಂತೆ. 2009ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

"ಹಂಗಾದ್ರೆ ನಾನು ಇಲ್ಲಿ ಒಂದನೇ ತಟ್ಟೆ" ಅಂದೆ ನಾನು. ತಮಾಷೆಗೇ ಅಂದಿದ್ದು. ಆದರೆ ಮನಸ್ಸಿನಲ್ಲಿ ಅದೇ ಇತ್ತು.

ಆಮೇಲೆ ಕತೆಗಳ ಸರಮಾಲೆ. ನ್ಯಾಮತಿ ಹುಡುಗಿಯ ಶಾಲೆ ಲಂಬಾಣಿ ತಾಂಡಾದಲ್ಲಿ. ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಇರೋದು ಆ ತಾಲ್ಲೂಕಿನಲ್ಲೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದನೇ ತರಗತಿ ಮಗುವೊಂದು "ಬಾಟಿ, ಬಾಟಿ" ಅಂತ ಅಳತೊಡಗಿತು. ಈಕೆ ಪಾಪ, ನೀರಿನ ಬಾಟ್ಲಿ ಕೊಟ್ಟಳು. ಮಗು ಇನ್ನೂ ಜೋರಾಗಿ ಅತ್ತಿತು. ಇನ್ನೊಂದು ಬಾಟ್ಲಿ ಕೊಟ್ಟಳು! ಕೊನೆಗೆ ಅಡುಗೆಯಮ್ಮ ಓಡಿ ಬಂದು, "ಮೇಡಂ, ಅದಕ್ಕೆ ಹಸಿವು. ನಮ್ಮ ಮಾತಲ್ಲಿ ಬಾಟಿ ಅಂದ್ರೆ ರೊಟ್ಟಿ" ಅಂದಳಂತೆ. ಅವತ್ತಿನಿಂದ ಈಕೆ ದಿನಕ್ಕೊಂದು ಲಂಬಾಣಿ ಮಾತು ಮಕ್ಕಳಿಂದ ಕಲಿತು ಬರೆದಿಡುತ್ತಾಳೆ. "ನನ್ನ ಟೀಚರು ಆರು ವರ್ಷದ್ದು" ಅಂದಳು.

ಚನ್ನಗಿರಿಯದು ಅಡಿಕೆ ನಾಡು. ಅಲ್ಲಿಯ ಟೀಚರು ಲೆಕ್ಕ ಹೇಳಿಕೊಡುತ್ತಾ, "ನಿನ್ನ ಹತ್ರ ನೂರು ಅಡಿಕೆ ಐತೆ, ಇಪ್ಪತ್ತು ನನಗೆ ಕೊಟ್ಟರೆ ಎಷ್ಟು ಉಳೀತು?" ಅಂದರಂತೆ. ಹುಡುಗ ಕೈಕಟ್ಟಿ ನಿಂತು, "ಈಗ ಕೊಡಬಾರ್ದು ಮೇಡಂ, ರೇಟು ಏರ್ತೈತಂತೆ, ಅಪ್ಪ ಹೇಳೈತೆ" ಅಂದನಂತೆ. ಅವನಿಗೆ ಎಷ್ಟು ಮಾರ್ಕು ಕೊಡೋದು ಅಂತ ಚಿಕ್ಕಮ್ಮನ ಪಡಸಾಲೆಯಲ್ಲಿ ಅರ್ಧ ಗಂಟೆ ಚರ್ಚೆಯಾಯಿತು.

ಜಗಳೂರು ಮಾತಾಡಿದಾಗ

ಎಲ್ಲರೂ ನಗುತ್ತಿದ್ದರೂ ಜಗಳೂರಿನವರು ಬರೀ ಮಂಡಕ್ಕಿ ಆರಿಸುತ್ತಾ ಕೂತಿದ್ದರು. "ನಿಮ್ಮ ಪುಟ ಬಂದು ಎರಡು ತಿಂಗಳಾಯ್ತು, ಯಾಕೆ?" ಅಂತ ನಾದಿನಿ ಕೇಳಿದಳು.

"ಇನ್ನು ಬರಿಯೋದಿಲ್ಲ ಅಂತ ಹೇಳಾಕೇ ಬಂದೀನಿ" ಅಂದರು ಅವರು.

ಪಡಸಾಲೆ ಗಪ್‌ಚಿಪ್ಪಾಯಿತು. ಅವರು ಮೆಲ್ಲಗೆ ಹೇಳಿದರು. ಜಗಳೂರು ಬರದ ಸೀಮೆ. ಮಳೆ ಕೈಕೊಟ್ಟ ವರ್ಷ ಅಪ್ಪ-ಅಮ್ಮ ಕೂಲಿ ಹುಡುಕಿ ಗುಳೆ ಹೋಗುತ್ತಾರೆ, ಜೊತೆಗೆ ಮಕ್ಕಳೂ. ಮಳೆ ಚೆನ್ನಾಗಿದ್ದರೂ ಸಾಲ ಇದ್ದವರು ಹೋಗಲೇಬೇಕು. ಹದಿನೆಂಟು ಮಕ್ಕಳ ಶಾಲೆಯಲ್ಲಿ ಆ ಸಲ ಐದು ಮಕ್ಕಳು ಹೊರಟಿದ್ದವು. ಅದರಲ್ಲೊಬ್ಬಳು ಆಗಷ್ಟೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಿದ್ದಳು. "ಅವಳು ವಾಪಸ್ ಬರೋವತ್ತಿಗೆ ಎಲ್ಲಾ ಮರೆತಿರ್ತಾಳ್ರೀ. ವರ್ಷಾ ಇದೇ ಆತು. ಮರಳಿನಾಗೆ ಬರದಂಗೆ. ಮನಿಯಾಗೂ ಅಂತಾರೆ, ಬರದು ಬರದು ಯಾರ ಉದ್ಧಾರ ಆತು ಅಂತ. ನನಗೂ ಹಂಗೇ ಅನಸಾಕ ಹತ್ತೈತಿ."

ಯಾರೂ ಸಮಾಧಾನದ ಮಾತು ಹೇಳಲಿಲ್ಲ. ಹೇಳಿದ್ದರೆ ಅವರು ಇನ್ನೂ ನೊಂದುಕೊಳ್ಳುತ್ತಿದ್ದರೋ ಏನೋ. ಸ್ವಲ್ಪ ಹೊತ್ತು ಬಿಟ್ಟು ಚನ್ನಗಿರಿಯವರು, "ಅಡಿಕೆ ಸುಗ್ಗೀಲಿ ನಮ್ಮ ಶಾಲೆ ಗೇಟಿನ ಹತ್ರ ಇಂಥ ಮಕ್ಕಳು ನಿಂತಿರ್ತಾವೆ. ಕರೆದು ಕೂರಿಸ್ಕೊಳ್ತೀನಿ. ಆದ್ರೆ ಅದಕ್ಕೆ ಎಷ್ಟು ಬರ್ತೈತೆ, ಎಲ್ಲಿಂದ ಶುರು ಮಾಡ್ಲಿ, ಒಂದೂ ಗೊತ್ತಾಗಲ್ಲ. ತಿಳ್ಕೊಳ್ಳೋ ಹೊತ್ತಿಗೆ ಸುಗ್ಗಿ ಮುಗಿದಿರ್ತೈತೆ" ಅಂದರು.

"ವರ್ಗಾವಣೆ ಪತ್ರ ಇಲ್ದೆ ಹೆಂಗೆ ಕೂರಿಸ್ತೀರಾ?" ಅಂದೆ ನಾನು.

"ಕಾನೂನೇ ಐತಲ್ರೀ" ಅಂದರು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವರ್ಗಾವಣೆ ಪತ್ರ ಇಲ್ಲ, ತಡವಾಗಿ ಬಂತು ಅಂತ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಲೇಬೇಕು. ಇದನ್ನು ನೀವೂ ನೆನಪಿಡಿ. ನಿಮ್ಮ ತೋಟಕ್ಕೋ, ಪಕ್ಕದ ಕಟ್ಟಡದ ಕೆಲಸಕ್ಕೋ ಬಂದವರ ಮಕ್ಕಳು ಸುಮ್ಮನೆ ಅಲೆಯುತ್ತಿದ್ದರೆ ಹತ್ತಿರದ ಶಾಲೆಗೆ ಒಂದು ಮಾತು ಹೇಳಿ.

ನನ್ನ ಬಾಯಿಂದ ಬಂದ ಮಾತು

ಆಗ ನನಗೆ ಹೊಳೆದದ್ದು ನಮ್ಮ ಮಗಳ ತಾಯಿ ಕಾರ್ಡು. ಅವಳು ಬಸುರಿಯಾಗಿ ಗಂಡನ ಮನೆಯಿಂದ ನಮ್ಮಲ್ಲಿಗೆ ಬಂದಾಗ ಸೀರೆಗಿಂತ ಮುಂಚೆ ಬ್ಯಾಗಿನಿಂದ ತೆಗೆದಿದ್ದು ಅದನ್ನೇ. ಅಲ್ಲಿ ಯಾವ ಇಂಜೆಕ್ಷನ್ ಆಗಿದೆ, ತೂಕ ಎಷ್ಟು, ರಕ್ತ ಎಷ್ಟು ಎಲ್ಲಾ ಬರೆದಿತ್ತು. ನಮ್ಮೂರ ನರ್ಸಮ್ಮ ಅದನ್ನು ನೋಡಿ ಮುಂದಿನದು ಬರೆದಳು. ಬಾಣಂತನ ಮುಗಿಸಿ ವಾಪಸು ಹೋದಾಗ ಅಲ್ಲಿಯವರು ಅದರ ಮುಂದಿನದು ಬರೆದರು. ಇಬ್ಬರು ನರ್ಸುಗಳೂ ಒಬ್ಬರನ್ನೊಬ್ಬರು ಕಂಡೇ ಇಲ್ಲ!

"ಒಂದು ಮಾತು ಹೇಳ್ಲಾ, ತಪ್ಪು ತಿಳೀಬೇಡಿ. ಬಸುರಿ ಹೆಂಗಸಿಗೆ ತಾಯಿ ಕಾರ್ಡು ಇರೋ ಹಾಗೆ ಗುಳೆ ಹೋಗೋ ಮಗು ಕೈಗೂ ಒಂದು ಕಾರ್ಡು ಬರೆದು ಕೊಟ್ಟರೆ ಆಗಲ್ವಾ?" ಅಂದೆ.

ಯಾರೂ ಮಾತಾಡಲಿಲ್ಲ. ನಾನು ಏನೋ ದಡ್ಡತನದ ಮಾತಾಡಿದೆ ಅಂದುಕೊಂಡು ಮಂಡಕ್ಕಿ ಡಬ್ಬಿ ಮುಚ್ಚಳ ಹಾಕತೊಡಗಿದೆ. ನೋಡಿದರೆ ಜಗಳೂರಿನವರು ಚೀಲದಿಂದ ಪೆನ್ನು ತೆಗೆಯುತ್ತಿದ್ದರು.

ಆಮೇಲೆ ನಿದ್ದೆ ಯಾರಿಗೆ? ಕಾರ್ಡಿನಲ್ಲಿ ಏನಿರಬೇಕು ಅಂತ ಶುರುವಾಯಿತು. ಮಗುವಿನ ಹೆಸರು, ಊರು, ಏಣಿಯಲ್ಲಿ ಯಾವ ಮೆಟ್ಟಿಲು, ಎಷ್ಟರ ತನಕ ಎಣಿಕೆ ಬರುತ್ತದೆ, ಟೀಚರ ಫೋನ್ ನಂಬರು. "ಯಾವ ಹಾಡು ಇಷ್ಟ ಅಂತಾನೂ ಬರೀರಿ, ಹೊಸ ಶಾಲೇಲಿ ಅದನ್ನ ಹಾಡಿಸಿದ್ರೆ ಮಗು ಅಳಲ್ಲ" ಅಂದಳು ನ್ಯಾಮತಿ ಹುಡುಗಿ. "ಪ್ಲಾಸ್ಟಿಕ್ ಕವರಿಗೆ ಹಾಕಿ, ಮಳೆಗೆ ನೆಂದೀತು" ಅಂದದ್ದು ಎಲೆ ಅಡಿಕೆ ಹಾಕುತ್ತಾ ಕೂತಿದ್ದ ನಮ್ಮ ಚಿಕ್ಕಮ್ಮ. ಮಲಗುವ ಮುಂಚೆ ಚನ್ನಗಿರಿಯವರು ನನ್ನ ಭುಜ ತಟ್ಟಿ, "ನೀವು ಒಂದನೇ ತಟ್ಟೆ ಅಲ್ಲ ಕಣ್ರೀ, ಏಳಿ ಅಲ್ಲಿಂದ" ಅಂದರು.

ಹಾವೇರಿಯ ದಿನ

ಮರುದಿನ ಹಾವೇರಿ. ಕನಕದಾಸರು, ಸರ್ವಜ್ಞ, ಶಿಶುನಾಳ ಷರೀಫರ ಜಿಲ್ಲೆ. ಜನವೋ ಜನ. ಗೋಷ್ಠಿ ಒಂದು ಕೇಳಿದೆವು. ಪುಸ್ತಕದ ಮಳಿಗೆಗಳಲ್ಲಿ ಕಾಲು ಸೋಲುವ ತನಕ ಅಲೆದೆವು. ಬ್ಯಾಡಗಿ ಮೆಣಸಿನಕಾಯಿ ಊರಿನ ಹತ್ತಿರ ಬಂದು ಖಾಲಿ ಕೈಯಲ್ಲಿ ಹೋಗೋದಾ ಅಂತ ಒಂದೊಂದು ಕಿಲೋ ಕಟ್ಟಿಸಿಕೊಂಡೆವು. ಮಧ್ಯಾಹ್ನ ನೆರಳು ಹುಡುಕಿ ಬುತ್ತಿ ಬಿಚ್ಚಿದಾಗ ಪಕ್ಕದಲ್ಲಿ ಕೂತಿದ್ದವರೂ ಟೀಚರುಗಳೇ. ಅವರ ಶೇಂಗಾ ಹೋಳಿಗೆ ನಮಗೆ, ನಮ್ಮ ಗುರೆಳ್ಳು ಚಟ್ನಿ ಅವರಿಗೆ. ಕಾರ್ಡಿನ ವಿಚಾರ ಅವರಿಗೂ ಹೋಯಿತು.

ಚನ್ನಗಿರಿಯವರು ಓದಿನವರು. ಕೂತಲ್ಲೇ ಪಾಠ. 1865ರಲ್ಲೇ ಧಾರವಾಡ-ಬೆಳಗಾವಿ ಸೀಮೆಯಲ್ಲಿ ಶಿಕ್ಷಕರಿಗಾಗಿಯೇ 'ಮಠಪತ್ರಿಕೆ' ಅಂತ ಮಾಸಪತ್ರಿಕೆ ಹೊರಟಿತ್ತಂತೆ. ಆಗ ಶಾಲೆಗೆ ಮಠ ಅನ್ನೋದು ರೂಢಿ. ಅದೇ ಮುಂದೆ 'ಜೀವನ ಶಿಕ್ಷಣ' ಆಯಿತು. ಆ ಕೆಲಸಕ್ಕೆ ಕೈಹಾಕಿದ ಡೆಪ್ಯುಟಿ ಚೆನ್ನಬಸಪ್ಪನವರು ಷೇಕ್ಸ್‌ಪಿಯರನ ನಾಟಕದ ಕತೆಯೊಂದನ್ನು ಕನ್ನಡಕ್ಕೆ ತಂದು 'ನಗದವರನ್ನು ನಗಿಸುವ ಕಥೆ' ಅಂತ ಹೆಸರಿಟ್ಟರು. "ನೋಡ್ರೀ, ಶಾಲೆ ಸಾಹೇಬರೇ ನಗಿಸೋಕೆ ಹೊರಟಿದ್ರು, ನಾವು ನಕ್ಕರೆ ತಪ್ಪಾ?" ಅಂದರು. ನಮ್ಮ ದಾವಣಗೆರೆಯಲ್ಲಿ 1922ರಲ್ಲಿ ಸಮ್ಮೇಳನವಾದಾಗ ಅಧ್ಯಕ್ಷರಾಗಿದ್ದ ಎಂ. ವೆಂಕಟಕೃಷ್ಣಯ್ಯನವರೂ ಮೇಷ್ಟ್ರೇ. 1992ರಲ್ಲಿ ಮತ್ತೆ ಅಲ್ಲೇ ಆದಾಗ ಅಧ್ಯಕ್ಷರಾದ ಜಿ.ಎಸ್. ಶಿವರುದ್ರಪ್ಪನವರೂ ಮೇಷ್ಟ್ರೇ. "ಹೆಂಗಸರು?" ಅಂದೆ. 1915ರಲ್ಲಿ ಶುರುವಾದ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆ ಬಂದದ್ದು 1974ರಲ್ಲಿ, ಮಂಡ್ಯದಲ್ಲಿ, ಜಯದೇವಿತಾಯಿ ಲಿಗಾಡೆಯವರು. "ಐವತ್ತೊಂಬತ್ತು ವರ್ಷ ಬೇಕಾಯ್ತು" ಅಂತ ಲೆಕ್ಕ ಹಾಕಿದ್ದು ನಾನೇ.

ಆಮೇಲೆ?

ಜಗಳೂರಿನವರು ಬರೆಯೋದು ಬಿಡಲಿಲ್ಲ. ಮುಂದಿನ ಸಲ ಗುಳೆ ಹೊರಟ ಆರು ಮಕ್ಕಳ ಕೈಗೆ ಕಾರ್ಡು ಕೊಟ್ಟರು. ಎರಡು ಕಳೆದುಹೋದವು. ಒಂದು ಹಾಗೇ ವಾಪಸ್ ಬಂತು, ಯಾರೂ ತೆರೆದಿರಲಿಲ್ಲ. ಮೂರರಲ್ಲಿ ಮಾತ್ರ ಬೇರೆ ಟೀಚರುಗಳ ಕೈಬರಹವಿತ್ತು. ಹೆಸರು ಬರೆಯಲು ಕಲಿತಿದ್ದ ಆ ಹುಡುಗಿಯ ಕಾರ್ಡಿನಲ್ಲಿ, ಯಾವ ಊರಿನ ಟೀಚರೋ, "ಈಗ ಅಮ್ಮನ ಹೆಸರೂ ಬರೆಯುತ್ತಾಳೆ" ಅಂತ ಬರೆದಿದ್ದರಂತೆ. ಅದರ ಫೋಟೋ ನಮಗೆಲ್ಲಾ ಬಂತು. ಆರರಲ್ಲಿ ಮೂರು ಅಂದ್ರೆ ಹೆಚ್ಚೇನಲ್ಲ ಅಂತ ನೀವು ಅನ್ನಬಹುದು. ಜಗಳೂರಿನವರು ಮಾತ್ರ ಹಾಗನ್ನಲಿಲ್ಲ.

ಸಭೆ, ಸಮ್ಮೇಳನ, ತರಬೇತಿ ಅಂತ ಹೆಂಗಸರು ಹೊರಟರೆ "ಹರಟೆಗೆ ಹೋಗ್ತಾರೆ" ಅನ್ನೋರಿದ್ದಾರೆ. ಹೌದು, ಹರಟೆಗೇ ಹೋಗಿದ್ದೆವು. ನಕ್ಕು ನಕ್ಕು ಮನಸ್ಸು ಸಡಿಲವಾಗದಿದ್ದರೆ ಜಗಳೂರಿನವರು ಬಾಯಿ ಬಿಡುತ್ತಿದ್ದರಾ? ನಾನಂತೂ ಬಿಡುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಟೀಚರೋ, ನರ್ಸೋ, ಅಂಗನವಾಡಿ ಕಾರ್ಯಕರ್ತೆಯೋ ಇದ್ದರೆ, ವರ್ಷಕ್ಕೊಮ್ಮೆ ಗೆಳತಿಯರ ಜೊತೆ ಹೋಗಿ ಬರಲು ಬಿಡಿ. ಕರೆದರೆ ನೀವೂ ಹೊರಡಿ.

ಹೊರಡುವವರಿಗೆ ನಾಲ್ಕು ಮಾತು

* ಒಬ್ಬೊಬ್ಬರೇ ಬೇಡ, ನಾಲ್ಕೈದು ಜನ ಕೂಡಿ ಹೊರಡಿ. ರಾತ್ರಿ ಉಳಿಯುವ ಮನೆ ಮೊದಲೇ ಗೊತ್ತು ಮಾಡಿ, ಮನೆಯವರಿಗೆ ಅಲ್ಲಿಯ ನಂಬರು ಕೊಡಿ.
* ಜನ ಸೇರುವ ಕಡೆ ಬೇರೆಯಾದರೆ ಮತ್ತೆ ಸೇರಲು ಒಂದು ಜಾಗ ಹೇಳಿಕೊಂಡಿರಿ. ಫೋನು ಆ ಹೊತ್ತಿಗೇ ಸತ್ತಿರುತ್ತದೆ!
* ಹೊಸ ಚಪ್ಪಲಿ ಬೇಡ. ಬಾಟ್ಲಿ ನೀರು, ಒಂದು ಟವೆಲು, ತಲೆನೋವಿನ ಮಾತ್ರೆ ಇರಲಿ.
* ಸಣ್ಣ ನೋಟುಬುಕ್ಕು, ಪೆನ್ನು ಮರೆಯಬೇಡಿ. ಒಳ್ಳೆ ಮಾತು ಹೇಳಿ ಬರೋದಿಲ್ಲ.

ಬುತ್ತಿಗೆ ಖಾರ ಮಂಡಕ್ಕಿ

ಬೇಕಾಗುವುದು: ಗರಿಗರಿ ಮಂಡಕ್ಕಿ 2 ಸೇರು, ಶೇಂಗಾ 1 ಬಟ್ಟಲು, ಹುರಿಗಡಲೆ ಅರ್ಧ ಬಟ್ಟಲು, ಬೆಳ್ಳುಳ್ಳಿ 10 ಎಸಳು, ಕರಿಬೇವು 2 ಎಸಳು, ಎಣ್ಣೆ 4 ಚಮಚ, ಅಚ್ಚಖಾರದ ಪುಡಿ 2 ಚಮಚ, ಅರಿಶಿನ, ಉಪ್ಪು, ಚಿಟಿಕೆ ಸಕ್ಕರೆ.

ಮಾಡುವ ವಿಧಾನ: ಮಂಡಕ್ಕಿ ಮೆತ್ತಗಾಗಿದ್ದರೆ ಬಿಸಿಲಿಗೆ ಹಾಕಿ ಅಥವಾ ಬಾಣಲೆಯಲ್ಲಿ ಬೆಚ್ಚಗೆ ಮಾಡಿ. ಎಣ್ಣೆ ಕಾಯಿಸಿ ಶೇಂಗಾ ಹುರಿಯಿರಿ. ಜಜ್ಜಿದ ಬೆಳ್ಳುಳ್ಳಿ ಹಾಕಿ ಕೆಂಪಗಾಗಲಿ. ಕರಿಬೇವು ಗರಿಗರಿಯಾದ ಮೇಲೆ ಹುರಿಗಡಲೆ ಹಾಕಿ, ಉರಿ ಆರಿಸಿ. ಆಮೇಲೇ ಅರಿಶಿನ, ಖಾರ, ಉಪ್ಪು, ಸಕ್ಕರೆ ಹಾಕಿ, ಇಲ್ಲದಿದ್ದರೆ ಖಾರ ಸೀದುಹೋಗುತ್ತದೆ. ಮಂಡಕ್ಕಿ ಸೇರಿಸಿ ಚೆನ್ನಾಗಿ ಕಲಸಿ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ವಾರ ಇಟ್ಟರೂ ಕೆಡುವುದಿಲ್ಲ. ನಾಲ್ವರು ಟೀಚರು ಜೊತೆಗಿದ್ದರೆ ಒಂದು ರಾತ್ರಿಗೂ ಸಾಲದು!